ಘಟ್ಟದ ಕೆಳಗಿಲ್ಲದ ಕೊಲಂಬೊ

ಹೊರಡುವ ಮುನ್ನ

ಸಿಲೋನಿಗೆ ಹೋಗಿಬಂದ ಮಹನೀಯರು ಆನೆ, ಮುತ್ತು, ಬುದ್ಧನ ದಂತ, ಈ ಮೂರನ್ನು ವರ್ಣಿಸದೆ ಲೇಖನಿಯನ್ನು ಕೆಳಗಿಡುವುದಿಲ್ಲ. ನಾನು ಆ ಮೂರನ್ನೂ ನೋಡದೆ ಹಿಂತಿರುಗಿದವನು. ನಾನು ಹೋದ ಕೆಲಸವೇ ಬೇರೆ. ನಮ್ಮ ಮನೆಯಲ್ಲಿ ಒಂದು ರೇಡಿಯೊ ಪೆಟ್ಟಿಗೆಯಿದೆ. ಅದರಲ್ಲಿ ಕೊಲಂಬೊ ನಗರದ ಹಾಡು ಕೇಳಿಸಬೇಕಾಗಿತ್ತು, ಕೇಳಿಸಲಿಲ್ಲ. ಏಕೆ ಕೇಳಿಸಲಿಲ್ಲವೆಂದು ಆ ನಗರದವರನ್ನೇ ಎದುರು ನಿಲ್ಲಿಸಿ ವಿಚಾರಿಸಲು ನಾನು ಕಡಲು ದಾಟಿದೆ.

ನಮ್ಮ ತೋಟವಿರುವುದು ಕಳಸದ ಬಳಿ. ಮಗಳು ಲಲಿತೆಯನ್ನು ಆಲ್ದೂರಿನ ಕಾಫಿ ವ್ಯಾಪಾರಿ ಪುಟ್ಟೇಗೌಡರ ಮಗನಿಗೆ ಕೊಟ್ಟಿದ್ದೇವೆ. ಅಳಿಯ ಡಾಕ್ಟರು, ಸಿಲೋನಿನ ಚಹಾ ತೋಟವೊಂದರ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ. ಲಲಿತೆಯ ಕಂಠ ತಾಯಿಯಿಂದ ಬಂದದ್ದು. ಕಳೆದ ವರ್ಷ ಅವಳು ಕೊಲಂಬೊ ರೇಡಿಯೊದಲ್ಲಿ ಹಾಡುವಳೆಂದು ತಿಳಿದಾಗ ನಾನು ಬೆಂಗಳೂರಿನಿಂದ ಪೆಟ್ಟಿಗೆಯನ್ನು ತರಿಸಿದೆ. ನನ್ನ ಹೆಂಡತಿ ರಂಗಮ್ಮನಿಗೆ ಮಂಡಿನೋವು. ಬಸ್ಸು ರೈಲುಗಳ ಪ್ರಯಾಣ ಅವಳಿಂದಾಗದು. ಮಗಳ ದನಿ ಅವಳಿದ್ದಲ್ಲಿಗೇ ಬರಬೇಕಾಗಿತ್ತು.

ಪೆಟ್ಟಿಗೆಯ ಜೊತೆಯಲ್ಲಿ, ಬಾಗಿಲಿಲ್ಲದ ಕಿಟಕಿಯಂಥ ಒಂದು ಮರದ ಚೌಕಟ್ಟೂ ಬಂದಿತು. ಅದರ ಸುತ್ತ ತಾಮ್ರದ ತಂತಿ ಸುತ್ತಿದೆ. ಆಕಾಶದಲ್ಲಿ ಬರುವ ಹಾಡನ್ನು ಹಿಡಿಯುವುದು ಪೆಟ್ಟಿಗೆಯಲ್ಲ, ಈ ಚೌಕಟ್ಟು. ಇದಕ್ಕೆ ಏರಿಯಲ್ ಎನ್ನುತ್ತಾರೆ. ಚೌಕಟ್ಟಿನ ಅಗಲವನ್ನಲ್ಲ, ಅಂಚನ್ನು ಹಾಡು ಬರುವ ಊರಿಗೆ ನೇರವಾಗಿಡಬೇಕೆಂದು ಅಂಗಡಿಯವನು ಹೇಳಿಕಳುಹಿಸಿದ್ದ. ನಾನು ಅದರಂತೆಯೇ ನಡೆದೆ. ಕೊಲಂಬೊ ಕಡಲಾಚೆಯ ಊರು. ಕಡಲಿರುವುದು ಘಟ್ಟದ ಕೆಳಗೆ. ಆದಕಾರಣ ಅಂಚನ್ನು ಮಂಗಳೂರಿನ ದಿಕ್ಕಿಗೆ ನೂಲು ಹಿಡಿದು ನೇರಮಾಡಿ, ಅಲುಗದಂತೆ ಬುಡಕ್ಕೆ ಮೊಳೆ ಹೊಡೆದು, ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದೆ.

ಹಾಡಿನ ಸಂಜೆ ನೆಂಟರಿಷ್ಟರೆಲ್ಲ ನೆರೆದರು. ರಂಗಮ್ಮ ರೇಷ್ಮೆ ಸೀರೆಯುಟ್ಟು ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕುಳಿತಳು. ಪೆಟ್ಟಿಗೆ ಮೊದಲಿನಿಂದ ಕೊನೆಯವರೆಗೆ ಕರಕರ ಎಂದಿತೇ ಹೊರತು ಮತ್ತೇನನ್ನೂ ಹೇಳಲಿಲ್ಲ. ಆಗ ಪುಟ್ಟೇಗೌಡರು ಎಲೆಯಡಿಕೆ ಮೆಲ್ಲುತ್ತ, ಎಲ್ಲರಿಗೂ ಕೇಳುವಂತೆ, "ಬೀಗ್ರೇ, ಸೊಸೆ ಹಾಡ್ತಾಳೆ ಅಂದ್ರಿ, ಇದು ಜೀರುಂಡೆ ಅಲ್ವಾ? ನಿಮಗೆ ಬ್ಯಾಡಾದ್ರೆ ಈ ಪೆಟ್ಟಿಗೆ ನಂಗೆ ಕೊಡಿ, ಕೋಳಿ ಮರಿ ಮುಚ್ಚೋಕೆ ಆಗ್ತದೆ" ಎಂದರು.

ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ರಂಗಮ್ಮ ನಗಲಿಲ್ಲ. ಎಲ್ಲರೂ ಎದ್ದುಹೋದ ಮೇಲೂ ಸ್ವಲ್ಪ ಹೊತ್ತು ಆ ಕರಕರವನ್ನೇ ಕೇಳುತ್ತ ಕುಳಿತಿದ್ದು, ಆಮೇಲೆ ಸೀರೆ ಬದಲಿಸಲು ಒಳಗೆ ಹೋದಳು. ಕೋಳಿಯ ಮಾತಿಗಿಂತ ಅವಳು ಹಾಗೆ ಕುಳಿತದ್ದೇ ನನ್ನನ್ನು ಹೆಚ್ಚು ಕುಟುಕಿತು. ಈ ವರ್ಷ ಲಲಿತೆಗೆ ಮತ್ತೊಮ್ಮೆ ಕರೆ ಬಂದಿತು. ಈ ಸಲ ಅವಳ ತಾಯಿ ಕೇಳಿಯೇ ತೀರಬೇಕೆಂದು ನಿಶ್ಚಯಿಸಿ ನಾನು ಹೊರಟೆ.

ಮಂಟಪಂ

ರಾಮೇಶ್ವರದ ಈಚೆಯ ಮಂಟಪಂ ಎಂಬಲ್ಲಿ ಸಿಲೋನಿಗೆ ಹೋಗುವವರನ್ನು ತಡೆದು ಪರೀಕ್ಷಿಸುತ್ತಾರೆ. ಪರೀಕ್ಷೆ ಮಾಡಲಿ, ನನ್ನ ಆಕ್ಷೇಪಣೆಯಿಲ್ಲ. ಆದರೆ ಮೇಜಿನ ಹಿಂದೆ ಕುಳಿತಿದ್ದ ಒಬ್ಬ ಗುಮಾಸ್ತ, ನನ್ನ ರುಮಾಲನ್ನೂ ಮುಚ್ಚುಕೋಟನ್ನೂ ಕಣ್ಣಾರೆ ಕಂಡೂ, "ನಿನ್ನ ಕಂಗಾಣಿ ಯಾರು?" ಎಂದು ಕೇಳಿದ. ನಮ್ಮಲ್ಲಿ ಕೂಲಿಯಾಳುಗಳನ್ನು ಕರೆತರುವ ಮೇಸ್ತ್ರಿಗೆ ಆ ಕಡೆ ಕಂಗಾಣಿ ಎನ್ನುತ್ತಾರೆ. ನನ್ನ ಕೈಕೆಳಗೇ ಮೇಸ್ತ್ರಿಗಳಿದ್ದಾರೆಂದು ನಾನು ತಿಳಿಸಿದೆ. ಅವನು ತಲೆಯೆತ್ತಿ, "ಓಹೋ, ನೀನೇ ಕಂಗಾಣಿಯೋ? ನಿನ್ನ ಜನ ಎಲ್ಲಿ?" ಎಂದ. ಒಂದೇ ಉಸಿರಿನಲ್ಲಿ ನನಗೆ ಬಡ್ತಿಯೂ ಆಯಿತು, ಅವಮಾನವೂ ಆಯಿತು.

ಆಮೇಲೆ ಸಾಮಾನು ತೆಗೆಸಿದರು. ಮಗಳಿಗೆಂದು ರಂಗಮ್ಮ ಹುರಿದು ಪುಡಿಮಾಡಿಸಿ ಕಟ್ಟಿಕೊಟ್ಟಿದ್ದ ಕಾಫಿಪುಡಿಯ ಗಂಟಿಗೆ ಇನ್ನೊಬ್ಬ ಅಧಿಕಾರಿ ಉದ್ದನೆಯ ಸೂಜಿ ಚುಚ್ಚಿ, ಮೂಗಿನ ಹತ್ತಿರ ಹಿಡಿದು ಜೋರಾಗಿ ಉಸಿರೆಳೆದ. ಪುಡಿ ನುಣ್ಣಗಿತ್ತು. ಅವನು ಸೀನಿದ ಸೀನಿಗೆ ಮೇಜಿನ ಕಾಗದಗಳೆಲ್ಲ ಹಾರಿದವು. ಕಂಗಾಣಿಯ ಗುಮಾಸ್ತ ಅವುಗಳ ಹಿಂದೆ ಅಂಗಳದ ತುಂಬ ಓಡಾಡಬೇಕಾಯಿತು. ನಮ್ಮ ತೋಟದ ಕಾಫಿಯ ಬಗ್ಗೆ ನನಗೆ ಯಾವಾಗಲೂ ಅಭಿಮಾನವಿದೆ. ಆ ದಿನ ಅದು ಇನ್ನಷ್ಟು ಹೆಚ್ಚಿತು.

ಹಡಗಿನ ದಾರಿ ಚಿಕ್ಕದು, ಕಡಲು ಶಾಂತವಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಜಾಫ್ನಾದ ಮುದುಕರೊಬ್ಬರು ಸುಲಿದ ಹಲಸಿನ ತೊಳೆಗಳನ್ನು ಯಾವ ಪರಿಚಯವೂ ಇಲ್ಲದೆ ನನ್ನ ಕೈಗೆ ಹಾಕಿದರು. ನಮ್ಮೂರಿನ ಹಲಸಿಗೆ ಅದು ಸಮವಲ್ಲ. ಆದರೂ ಪೂರ್ತಿ ತಿಂದೆ.

ಹ್ಯಾಟನ್ನಿನ ಮೇಲಿನ ಚಹಾ ತೋಟ

ಆ ಬೆಟ್ಟಗಳನ್ನು ನೋಡಿದರೆ ನಮ್ಮ ಸಂಸೆಯ ಕಡೆಯ ಬೆಟ್ಟಗಳ ತಲೆಯನ್ನು ಕ್ಷೌರಿಕನು ಒಪ್ಪಮಾಡಿದಂತೆ ಕಾಣುತ್ತದೆ. ನಮ್ಮಲ್ಲಿ ಕಾಫಿಗಿಡ ಕಾಡಿನ ನೆರಳಿನೊಳಗೆ ಅಡಗಿರುತ್ತದೆ. ಅಲ್ಲಿ ಚಹಾಗಿಡ ಬಯಲಿಗೆ ಬಂದು ನಿಂತಿದೆ. ಹಿಂದೆ ಆ ಬೆಟ್ಟಗಳಲ್ಲೆಲ್ಲ ಕಾಫಿಯೇ ಇತ್ತಂತೆ. ಎಲೆರೋಗ ಬಂದು ಎಲ್ಲವೂ ನಾಶವಾದ ಮೇಲೆ ಚಹಾ ಹಾಕಿದರಂತೆ. ಇದನ್ನು ಕೇಳಿದ ಮೇಲೆ ಆ ಹಸಿರಿನ ನಡುವೆ ನಾನು ಸ್ವಲ್ಪ ಮೆಲ್ಲಗೆ ನಡೆದೆ.

ಮಗಳ ಮನೆಯಲ್ಲಿ ಕುಳಿತೊಡನೆ ಚಹಾ ಬಂದಿತು. ಹಾಲಿಲ್ಲ, ಸಕ್ಕರೆಯಿಲ್ಲ; ಪಕ್ಕದಲ್ಲಿ ತಾಳೆಬೆಲ್ಲದ ಒಂದು ತುಂಡು.

"ಇದೆಂತದೆ ಲಲ್ಲಿ? ಕಾಫಿ ಬೆಳೆಯೋನ ಮಗಳ ಮನೇಲಿ ಕಷಾಯವಾ?"

"ಬೆಲ್ಲ ಅಂಗೈಲಿ ಇಟ್ಕೊಳ್ಳಿ ಅಪ್ಪಯ್ಯ. ಒಂದು ಚೂರು ಕಚ್ಚೋದು, ಒಂದು ಗುಟುಕು ಕುಡಿಯೋದು. ಇಲ್ಲಿ ಎಲ್ಲರೂ ಹಿಂಗೇ."

"ಎಲ್ಲರೂ ಹಿಂಗೇ ಅಂದ್ರೆ ನಾನೂ ಹಿಂಗೇ ಆಗಬೇಕಾ?"

"ಬ್ಯಾಡ. ಅಮ್ಮ ಕೊಟ್ಟ ಪುಡಿ ಇದೆಯಲ್ಲ, ಕಾಫಿ ಮಾಡ್ತೀನಿ."

ಪುಡಿಯ ಗಂಟು ಸೂಜಿಯ ತೂತಿನಿಂದ ದಾರಿಯುದ್ದಕ್ಕೂ ಸೋರಿ, ಹಾಸಿಗೆಯ ಸುರುಳಿಯೊಳಗೆಲ್ಲ ಸೇರಿಹೋಗಿತ್ತು. ಹಾಸಿಗೆಯನ್ನು ಕೊಡವಿ ಸಂಗ್ರಹಿಸಿದ ಕಾಫಿಯನ್ನು ನಾನು ಕುಡಿಯಲೊಲ್ಲದೆ, ಬೆಲ್ಲವನ್ನು ಅಂಗೈಯಲ್ಲಿ ಹಿಡಿದೆ. ಮೂರನೆಯ ಲೋಟವನ್ನು ನಾನಾಗಿ ಕೇಳಿದೆನೆಂದು ಲಲಿತೆ ಹೇಳುತ್ತಾಳೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕೊಲಂಬೊ, ರೇಡಿಯೊ ಕಚೇರಿ

ಹಾಡಿನ ಹಿಂದಿನ ದಿನವೇ ನಾನು, ಮಗಳು, ಅಳಿಯ ಮೂವರೂ ಕೊಲಂಬೊಗೆ ಇಳಿದೆವು. ನಾನು ನೇರವಾಗಿ ರೇಡಿಯೊ ಕಚೇರಿಗೆ ಹೋಗಿ, ನಿಮ್ಮ ಹಾಡು ನಮ್ಮ ಮನೆಯವರೆಗೆ ಬರುವುದಿಲ್ಲವೆಂದು ದೂರು ಕೊಟ್ಟೆ. ಎಂಜಿನಿಯರ್ ಪೆರೇರ ಎಂಬವರು ಹೊರಗೆ ಬಂದರು. ತೆಳ್ಳಗಿನ, ನಗುಮೊಗದ ಮನುಷ್ಯ. ಲಲಿತೆ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು.

"ತಮ್ಮ ಚೌಕಟ್ಟಿನ ಅಂಚು ಯಾವ ದಿಕ್ಕಿಗಿದೆ?" ಎಂದು ಪೆರೇರ ಕೇಳಿದರು.

"ಕೆಳಕ್ಕೆ" ಎಂದೆ.

ಲಲಿತೆ ಹಾಗೆಯೇ ಹೇಳಿರಬೇಕು. ಪೆರೇರ ಗಾಬರಿಯಿಂದ ನೆಲವನ್ನು ನೋಡಿ, "ಭೂಮಿಯೊಳಕ್ಕೆ?" ಎಂದರು.

"ಅಪ್ಪಯ್ಯ, ದಿಕ್ಕು ಕೇಳ್ತಿದ್ದಾರೆ."

"ದಿಕ್ಕೇ ಹೇಳಿದೆನಲ್ಲ. ಘಟ್ಟದ ಕೆಳಗೆ. ಮಂಗ್ಳೂರ ಕಡೆ."

"ಮಂಗ್ಳೂರ ಕಡೆಗ್ಯಾಕೆ?"

"ಕೊಲಂಬೊ ಕಡಲಾಚೆ ಅಲ್ಲವೇನೆ? ಕಡಲು ಇರೋದು ಎಲ್ಲಿ, ಕುದುರೆಮುಖದ ನೆತ್ತಿ ಮೇಲಾ?"

ಲಲಿತೆ, "ಅಪ್ಪಯ್ಯ, ನೀವೀಗ ಇಲ್ಲಿಗೆ ಬಂದದ್ದು ಘಟ್ಟ ಇಳಿದಾ?" ಎಂದಳು.

ನಾನು ಯೋಚಿಸಿದೆ. ಕಳಸದಿಂದ ಮೂಡಿಗೆರೆ, ಚಿಕ್ಕಮಗಳೂರು, ಕಡೂರಿನಲ್ಲಿ ರೈಲು, ಬೆಂಗಳೂರು, ಅಲ್ಲಿಂದ ತೆಂಕಣಕ್ಕೆ. ಘಟ್ಟ ಎಲ್ಲಿಯೂ ಸಿಕ್ಕಿರಲಿಲ್ಲ.

"ಅದು ರೈಲಿನ ಅನುಕೂಲಕ್ಕೆ" ಎಂದೆ.

ಇಲ್ಲಿ ವಾಚಕರಿಗೆ ಒಂದು ಮಾತು ಹೇಳಬೇಕು. ನಮ್ಮ ಬೆಟ್ಟಗಳಲ್ಲಿ ಒಂದು ಊರು ಯಾವ ಕಡೆಗಿದೆಯೆಂದರೆ ಅದರ ದಾರಿ ಹೊರಡುವ ಕಡೆಗಿದೆ. ಉಪ್ಪು ಕೆಳಗಿನಿಂದ ಬರುತ್ತದೆ, ಹೆಂಚು ಕೆಳಗಿನಿಂದ ಬರುತ್ತದೆ, ನಮ್ಮ ಕಾಫಿ ಹಡಗು ಹತ್ತಲು ಕೆಳಗೆ ಹೋಗುತ್ತದೆ. ಹೊರದೇಶವೆಂಬುದೆಲ್ಲವೂ ಘಟ್ಟದ ಕೆಳಗೇ ಇದೆ. ಇದು ತಪ್ಪೆಂದು ನಾನು ಈಗಲೂ ಒಪ್ಪುವುದಿಲ್ಲ. ಕಾಲಿನಲ್ಲಿ ನಡೆಯುವವನಿಗೆ ಇದೇ ಸರಿ. ಹಾಡು ಮಾತ್ರ ರಸ್ತೆ ಹಿಡಿದು ಬರುವುದಿಲ್ಲವೆಂಬುದು ನನಗೆ ಆ ದಿನ ತಿಳಿಯಿತು.

ಪೆರೇರ ದೊಡ್ಡದೊಂದು ಭೂಪಟವನ್ನು ಹಾಸಿ, ಕಳಸದಿಂದ ಕೊಲಂಬೊಗೆ ಒಂದು ಗೆರೆ ಎಳೆದರು. ಕಳಸದಿಂದ ಮಂಗಳೂರಿಗೆ ಇನ್ನೊಂದು. ಎರಡರ ನಡುವೆ ಮರದ ಮೂಲೆಮಟ್ಟವನ್ನಿಟ್ಟರು. ಅದು ಅಲುಗದೆ ಕುಳಿತಿತು; ಎರಡು ಗೆರೆಗಳ ನಡುವೆ ಸರಿಯಾಗಿ ಕಾಲುಸುತ್ತು. ಅವರು ಭಕ್ತಿಯಿಂದೆಂಬಂತೆ ನನ್ನನ್ನು ನೋಡಿ, "ಗೌಡರೇ, ಕೊಲಂಬೊ ಕೇಳಿಸಲೇಬಾರದೆಂದು ಯಾರಾದರೂ ನನಗೆ ಆಜ್ಞೆ ಮಾಡಿದ್ದರೂ ಇಷ್ಟು ನಿಖರವಾಗಿ ನಿಲ್ಲಿಸಲು ನನ್ನಿಂದಾಗುತ್ತಿರಲಿಲ್ಲ" ಎಂದರು. ನಿಖರವೆಂಬ ಮಾತು ಕಿವಿಗೆ ಬಿದ್ದುದರಿಂದ ನಾನು ಕೈಮುಗಿದೆ. ಲಲಿತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಾಗ ಮಾತ್ರ ಅದು ಹೊಗಳಿಕೆಯಲ್ಲವೆಂದು ಅರ್ಥವಾಯಿತು.

ಆದರೂ ಆ ಮನುಷ್ಯ ಒಳ್ಳೆಯವರು. ಚಿಕ್ಕ ಚೌಕಟ್ಟೊಂದನ್ನು ತಂದು, ಅಲ್ಲಿದ್ದ ಒಂದು ಪೆಟ್ಟಿಗೆಗೆ ಸೇರಿಸಿ, ನನ್ನ ಕೈಯಲ್ಲೇ ತಿರುಗಿಸಲು ಕೊಟ್ಟರು. ಅಂಚು ನೇರವಾದಾಗ ಪಿಟೀಲಿನ ದನಿ ಕೋಣೆಯ ತುಂಬ ನಿಂತಿತು. ಕಾಲುಸುತ್ತು ತಿರುಗಿಸಿದೊಡನೆ, ಬಾವಿಗೆ ಬಿಟ್ಟ ಕೊಡದಂತೆ ಕೆಳಗೆ ಕೆಳಗೆ ಇಳಿದು ಮುಳುಗಿತು. ಇನ್ನೂ ತಿರುಗಿಸಿದರೆ ಮತ್ತೆ ಮೇಲಕ್ಕೆ ಬಂದಿತು. ಈ ಚೌಕಟ್ಟಿಗೆ ಮುಂದು ಹಿಂದುಗಳ ಭೇದವಿಲ್ಲ, ಎರಡು ಅಂಚುಗಳಿಂದಲೂ ಒಂದೇ ಸಮನಾಗಿ ಕೇಳುತ್ತದೆ ಎಂದು ಅವರು ವಿವರಿಸಿದರು. ಮಂಜು ಕವಿದ ಕಡಲಿನಲ್ಲಿ ಹಡಗಿನವರು ತಾವು ಎಲ್ಲಿದ್ದೇವೆಂದು ತಿಳಿಯುವುದೂ ಇಂಥದರಿಂದಲೇ ಅಂತೆ. ದಡದಲ್ಲಿರುವ ಎರಡು ಕಡೆಯ ದನಿಗಳನ್ನು ಹಿಡಿದು, ಎರಡು ಗೆರೆ ಎಳೆದು, ಅವು ಕೂಡುವಲ್ಲಿ ತಮ್ಮ ಹಡಗನ್ನು ಗುರುತಿಸುತ್ತಾರೆ. ಅವರು ನೆಚ್ಚುವುದು ದನಿ ಏರುವ ಜಾಗವನ್ನಲ್ಲ, ಸತ್ತುಹೋಗುವ ಜಾಗವನ್ನು. ದನಿ ಎಲ್ಲಿ ಅತ್ಯಂತ ಜೋರಾಯಿತೆಂದು ಕಿವಿ ಮೋಸಹೋಗಬಹುದು, ಎಲ್ಲಿ ನಿಂತಿತೆಂಬುದರಲ್ಲಿ ಮೋಸಹೋಗುವುದಿಲ್ಲ. ಈ ಮಾತು ನನಗೆ ಬಹಳ ಹಿಡಿಸಿತು.

ತಂತಿ ಕಚೇರಿ

ಹಾಡು ಇರುವುದು ಮರುದಿನ ಸಂಜೆ. ಚೌಕಟ್ಟಿರುವುದು ಕಳಸದಲ್ಲಿ, ಮೊಳೆಯೊಂದಿಗೆ. ಅದನ್ನು ಯಾವ ಕಡೆ ತಿರುಗಿಸಬೇಕೆಂದು ಮನೆಯವರಿಗೆ ಹೇಗೆ ತಿಳಿಸುವುದು? ಆಗ್ನೇಯಕ್ಕಿಂತ ತುಸು ದಕ್ಷಿಣಕ್ಕೆಂದು ಬರೆದರೆ ಅಲ್ಲಿ ಯಾರಿಗೂ ದಾರಿ ಕಾಣದು. ಲಲಿತೆ ಭೂಪಟದ ಮೇಲೆ ಬಗ್ಗಿ ಗೆರೆಯುದ್ದಕ್ಕೂ ಬೆರಳು ಸರಿಸಿದಳು. ಗೆರೆ ಬಲ್ಲಾಳರಾಯನ ದುರ್ಗದ ಮೇಲೆಯೇ ಹಾದುಹೋಗಿತ್ತು.

"ಅಪ್ಪಯ್ಯ, ನಮ್ಮ ಅಂಗಳದಿಂದ ಕಾಣೋ ದುರ್ಗದ ಗುಡ್ಡ! ಅದರ ಕಡೆ ತಿರುಗಿಸಿ ಅಂದ್ರೆ ಅಮ್ಮಂಗೆ ಗೊತ್ತಾಗ್ತದೆ."

ಇಲ್ಲಿಯವರೆಗೆ ಸರಿ. ಆದರೆ ಕಳಸದ ನಮ್ಮ ಮನೆಗೆ ಮರುದಿನದೊಳಗೆ ತಂತಿ ಮುಟ್ಟುವ ಭರವಸೆಯಿರಲಿಲ್ಲ. ಆಲ್ದೂರಿಗೆ ಕಳುಹಿಸಿದರೆ ಮುಟ್ಟೀತು. ಅಲ್ಲಿಂದ ಯಾರಾದರೂ ಬಸ್ಸು ಹಿಡಿದು ಹೋಗಬೇಕು. ಆಲ್ದೂರಿನಲ್ಲಿ ಯಾರು? ಅಳಿಯ ಕಿಟಕಿಯಾಚೆ ನೋಡತೊಡಗಿದರು. ಲಲಿತೆ ಮೆಲ್ಲಗೆ, "ಮಾವಂಗೆ ಕಳಿಸೋಣ" ಎಂದಳು.

"ಕೋಳಿ ಮರಿಯ ಗೌಡರಿಗಾ?"

"ಕೋಳಿ ಅಂದದ್ದು ಮಾವ. ಕೇಳಬೇಕಾದ್ದು ಅಮ್ಮ."

ನನ್ನ ಚೌಕಟ್ಟು ತಪ್ಪು ದಿಕ್ಕಿಗಿತ್ತೆಂಬುದನ್ನು, ನಗೆಯಾಡಿದ ಮನುಷ್ಯನಿಗೇ, ನಾನೇ ನನ್ನ ಹೆಸರಿನಲ್ಲಿ ತಂತಿಯ ಮೂಲಕ ತಿಳಿಸಬೇಕಾಗಿತ್ತು. ಅವರು ಅದನ್ನು ಆಲ್ದೂರಿನ ಅಂಗಡಿಬೀದಿಯಲ್ಲಿ ಯಾವ ದನಿಯಲ್ಲಿ ಓದಿಸಿಯಾರೆಂಬುದು ನನ್ನ ಕಿವಿಗೆ ಆಗಲೇ ಕೇಳಿಸುತ್ತಿತ್ತು. ಆದರೂ ಬರೆಸಿದೆ. ಕಳಸಕ್ಕೆ ಹೋಗಿ ಮೊಳೆ ಕಿತ್ತು ಅಂಚನ್ನು ದುರ್ಗದ ಕಡೆ ತಿರುಗಿಸಿ, ನಾಳೆ ಸಂಜೆ ಲಲಿತೆ ಹಾಡುತ್ತಾಳೆ, ಇಷ್ಟೇ. ತಂತಿಯ ಗುಮಾಸ್ತ ಓದಿನೋಡಿ, "ದುರ್ಗ ಎಂದರೆ ದೇವರ ಹೆಸರೇ, ಊರೇ? ಇನ್ನೊಂದು ಮಾತು ಸೇರಿಸಿದರೆ ಒಳ್ಳೆಯದು" ಎಂದ. ನಮ್ಮ ಸೀಮೆಯಲ್ಲಿ ದುರ್ಗ ಯಾವುದೆಂದು ಪ್ರತಿಯೊಬ್ಬರಿಗೂ ಗೊತ್ತಿದೆ, ನೀನು ಕಳುಹಿಸು ಎಂದೆ.

ಬಾಗಿಲ ಹೊರಗೆ

ಮರುದಿನ ಲಲಿತೆ ಹಾಡುವ ಕೋಣೆಯೊಳಗೆ ಕುಳಿತುಕೊಳ್ಳಲು ನನಗೆ ಅವಕಾಶ ಕೊಡಲಿಲ್ಲ. ನನ್ನ ಹೊಸ ಜೋಡು ಕಿರುಗುಟ್ಟುತ್ತದೆಂದರು. ಕಳಚಿಡುತ್ತೇನೆಂದೆ. ಒಳಗಿರುವ ಯಂತ್ರಕ್ಕೆ ದೊಡ್ಡವರ ಉಸಿರಾಟವೂ ಕೇಳಿಸುತ್ತದೆಂದು, ಬಹಳ ವಿನಯದಿಂದ, ಅಲ್ಲಿಯ ಜವಾನ ಹೇಳಿದ. ನನ್ನ ಉಸಿರಿನ ಬಗ್ಗೆ ಅದುವರೆಗೆ ಯಾರೂ ದೂರಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಳಿಯನೊಂದಿಗೆ ಕುಳಿತೆ. ಬಾಗಿಲಿಗೆ ದಪ್ಪ ಕಂಬಳಿಯಂಥದನ್ನು ಹೊದಿಸಿದ್ದರು. ಮೇಲೆ ಕೆಂಪು ದೀಪ ಹತ್ತಿತು. ಮಗಳು ಒಳಗೆ ಹಾಡುತ್ತಿದ್ದಳು. ನನಗೆ ಒಂದು ಸ್ವರವೂ ಕೇಳಿಸಲಿಲ್ಲ. ಆ ನಿಶ್ಶಬ್ದದಲ್ಲಿ ಸುಮ್ಮನೆ, ಮಾತಿಗೆ ಮಾತೆಂದು, ಅಳಿಯನನ್ನು ಕೇಳಿದೆ: "ನಿಮ್ಮ ತಂದೆಯವರು ಈ ತಿಂಗಳೆಲ್ಲ ಊರಲ್ಲೇ ಇರ್ತಾರಲ್ಲ?"

"ಇರ್ತಾರೆ ಮಾವ. ದುರ್ಗಕ್ಕೆ ಹೋಗಿ ಎತ್ತು ತಂದದ್ದು ಹೋದ ತಿಂಗಳೇ ಆಯ್ತು."

ಎತ್ತು ತಂದದ್ದು ಯಾವ ದುರ್ಗದಿಂದ? ಬಲ್ಲಾಳರಾಯನ ದುರ್ಗದಲ್ಲಿ ಪಾಳುಗೋಡೆಯನ್ನೂ ಹುಲ್ಲನ್ನೂ ಬಿಟ್ಟರೆ ಬೇರೇನಿದೆ? ಚಿತ್ರದುರ್ಗ! ಆಲ್ದೂರಿನ ವ್ಯಾಪಾರಸ್ಥರ ಬಾಯಲ್ಲಿ ದುರ್ಗವೆಂದರೆ ಬಯಲುಸೀಮೆಯ ಚಿತ್ರದುರ್ಗ. ಪುಟ್ಟೇಗೌಡರು ತಂತಿಯನ್ನು ಓದಿ, ಬಸ್ಸು ಹಿಡಿದು, ಕಳಸಕ್ಕೆ ಹೋಗಿ, ಮೊಳೆ ಕಿತ್ತು, ಚೌಕಟ್ಟನ್ನು ಈಶಾನ್ಯಕ್ಕೆ ತಿರುಗಿಸಿರುತ್ತಾರೆ. ಮಂಗಳೂರಿನ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಹೋಗುವುದು ಹೆಚ್ಚುಕಡಿಮೆ ಅದೇ ಕಡೆಗೆ. ಚೌಕಟ್ಟಿಗೆ ಮುಂದು ಹಿಂದುಗಳ ಭೇದವಿಲ್ಲವೆಂದು ನಾನು ನಿನ್ನೆಯಷ್ಟೇ ಕಲಿತಿದ್ದೆ. ಮೊಳೆ ಕೀಳುವ ಕಷ್ಟವೊಂದನ್ನು ಬಿಟ್ಟರೆ ಯಾವ ವ್ಯತ್ಯಾಸವೂ ಆಗಿರುವುದಿಲ್ಲ. ರಂಗಮ್ಮ ಮತ್ತೆ ಮಣೆಯ ಮೇಲೆ ಕುಳಿತು ಕರಕರವನ್ನು ಕೇಳುತ್ತಿರುತ್ತಾಳೆ.

ಕೆಂಪು ದೀಪ ಆರಿತು. ಲಲಿತೆ ಹೊರಗೆ ಬಂದು, "ಅಮ್ಮ ಕೇಳಿರ್ತಾಳೆ ಅಲ್ವಾ ಅಪ್ಪಯ್ಯ?" ಎಂದಳು.

"ಕೇಳಿರ್ತಾಳೆ" ಎಂದೆ. ಬೇರೇನು ಹೇಳಲಿ?

ಊರಿನಿಂದ ಮರುತಂತಿ ಬಂದೀತೆಂದು ಕಾದೆ. ಬರಲಿಲ್ಲ. ಬುದ್ಧನ ದಂತವನ್ನು ನೋಡಿಕೊಂಡು ಹೋಗಿರೆಂದು ಅಳಿಯ ಬಲವಂತ ಮಾಡಿದರು. ನನಗೆ ಮನಸ್ಸಾಗಲಿಲ್ಲ.

ಮರಳಿ ಕಳಸ

ಬಸ್ಸಿಳಿದು ಮನೆಗೆ ಬಂದಾಗ ರಂಗಮ್ಮ ಜಗಲಿಯ ಮೇಲೆ ಏಲಕ್ಕಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಪುಟ್ಟೇಗೌಡರು, ತಮ್ಮ ಮನೆಯೇ ಎಂಬಂತೆ, ಕಾಲು ಚಾಚಿ ಕುಳಿತಿದ್ದರು. ನನ್ನನ್ನು ಕಂಡು ಅವರು ಮೊದಲು ಆಡಿದ ಮಾತು:

"ಎಂತ ಬೀಗ್ರೇ, ಅಷ್ಟುದ್ದ ಮೊಳೆ ಹೊಡೆದಿದ್ರಲ್ಲ, ಅದೇನು ಚೌಕಟ್ಟಾ, ಊರಬಾಗಿಲಾ? ಕೀಳೋಕೆ ಹಾರೆ ತರಿಸಬೇಕಾಯ್ತು."

"ಯಾವ ಕಡೆ ತಿರುಗಿಸಿದ್ರಿ?" ಎಂದೆ. ಕುಶಲ ಕೇಳುವಷ್ಟೂ ತಾಳ್ಮೆ ನನಗಿರಲಿಲ್ಲ.

"ದುರ್ಗದ ಕಡೆ. ತಂತೀಲಿ ಹಂಗೇ ಇತ್ತಲ್ಲ."

"ಯಾವ ದುರ್ಗ?"

ರಂಗಮ್ಮ ಏಲಕ್ಕಿಯ ಮೊರದಿಂದ ತಲೆಯೆತ್ತಿದಳು. "ಇವ್ರು ಚಿತ್ರದುರ್ಗ ಅಂತ ಹಟ ಹಿಡಿದ್ರು. ನಾನು, ಕಣ್ಣೆದುರಿಗೆ ದುರ್ಗದ ಗುಡ್ಡ ಇರ್ಬೇಕಾದ್ರೆ ನಮ್ಮನೆಯವ್ರು ಬಯಲುಸೀಮೆ ಹೆಸರು ಯಾಕೆ ಹೇಳ್ತಾರೆ ಅಂದೆ."

"ಜಗಳಾನೇ ಆಯ್ತು ಮಾರಾಯ್ರೇ," ಎಂದರು ಪುಟ್ಟೇಗೌಡರು. "ಕೊನೆಗೆ ಎರಡು ಕಡೆಗೂ ತಿರುಗಿಸಿ ನೋಡಿದ್ವಿ. ನನ್ನ ದುರ್ಗದಲ್ಲಿ ಜೀರುಂಡೆ, ನಮ್ಮ ಬೀಗ್ತಿ ದುರ್ಗದಲ್ಲಿ ಸೊಸೆ!"

ನಾನು ಜಗಲಿಯ ಕಂಬಕ್ಕೆ ಒರಗಿ ಕುಳಿತೆ. ಮರುತಂತಿ ಏಕೆ ಕಳುಹಿಸಲಿಲ್ಲವೆಂದು ಕೇಳಿದ್ದಕ್ಕೆ ಅವರು, "ನೀವು ಹೆಂಗೂ ಬರೋರೇ ಅಲ್ವಾ" ಎಂದು ಎಲೆಗೆ ಸುಣ್ಣ ಸವರಿದರು. ಕೋಳಿಮರಿಯ ಮಾತನ್ನು ಅವರು ಇಂದಿನವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಅದನ್ನು ನಾನು ಮರೆತಿಲ್ಲ. ತಂತಿ ಮುಟ್ಟಿದ ದಿನವೇ ಅವರು ಅಂಗಡಿ ಮುಚ್ಚಿ ಬಸ್ಸು ಹತ್ತಿದ್ದನ್ನೂ ಮರೆಯುವುದಿಲ್ಲ.

ಅವರು ಹಿತ್ತಿಲ ಕಡೆ ಹೋದ ಮೇಲೆ ರಂಗಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಎರಡನೇ ಹಾಡಿಗೆ ಮುಂಚೆ ಲಲ್ಲಿ ಕೆಮ್ಮಿದ್ಲಲ್ಲ, ಶೀತ ಆಗಿತ್ತಾ?"

"ಕೆಮ್ಮಿದ್ಲಾ?"

"ನೀವು ಅಲ್ಲೇ ಇದ್ರಲ್ಲ! ಒಂದು ಲೋಟ ಬಿಸಿನೀರು ಕೊಡಿಸಬಾರದಾ?"

ಬಾಗಿಲಿನ ಕಂಬಳಿ, ಕಿರುಗುಟ್ಟುವ ಜೋಡು, ಉಸಿರಿನ ಆಕ್ಷೇಪಣೆ, ಎಲ್ಲವನ್ನೂ ಒಂದನ್ನೂ ಬಿಡದೆ ಅವಳಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ.

"ಹಂಗಾರೆ ನೀವು ಕೇಳಲೇ ಇಲ್ಲ" ಎಂದಳು.

"ಇಲ್ಲ."

"ಕೈಕಾಲು ತೊಳೆದು ಬನ್ನಿ. ಹೆಂಗೆ ಹಾಡಿದ್ಲು ಅಂತ ಹೇಳ್ತೀನಿ."

ನಾನು ತೊಳೆದು ಬಂದು ಅವಳ ಎದುರಿಗೆ ಕುಳಿತೆ. ಅವಳು ಗಂಟಲು ಸರಿಮಾಡಿಕೊಂಡು, ಮೊದಲನೆಯ ಹಾಡಿನಿಂದ ಆರಂಭಿಸಿದಳು.